ಬಟ್ಟೆ ಅಂದ್ರ ಅರಬಿ ಅಂತ ಬರದು ಮಾರ್ಕ್ಸ್ ಕಳಕೊಂಡಾವನ ಕತಿ

ಎಂ.ಎ. ಮೊದಲನೇ ವರ್ಷ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಟೆಸ್ಟಿನ್ಯಾಗ ಒಂದು ಹಳಗನ್ನಡ ಪದ್ಯ ಕೊಟ್ಟು ಅರ್ಥ ಬರೀರಿ ಅಂದಿದ್ರು. ಅದ್ರಾಗ 'ಬಟ್ಟೆ' ಅಂತ ಬಂದಿತ್ತು, ನಾ ಭಾಳ ಧೈರ್ಯಲೆ ಕಾಡಿನ್ಯಾಗ ಹೊಂಟಾವ ಅರಬಿ ಹಿಡಕೊಂಡು ಹೊಂಟ ಅಂತ ಬರದುಬಂದೆ. ಹಳಗನ್ನಡದಾಗ ಬಟ್ಟೆ ಅಂದ್ರ ದಾರಿ. ಸರ್ ಪೇಪರ್ ಕೊಡೂಮುಂದ ಎಲ್ಲಾರ ಮುಂದ ಓದಿ ತೋರಿಸಿದ್ರು, ಕ್ಲಾಸ್ ಬಿದ್ದು ಬಿದ್ದು ನಗ್ತು, ನಾನೂ ನಕ್ಕೆ. ರಾತ್ರಿ ಹಾಸ್ಟೆಲಿನ್ಯಾಗ ಮಲಕೊಂಡಾಗ ಹೊಳೀತು, ಅಲ್ಲಾ, ನಮ್ಮ ಮನ್ಯಾಗ ಅರಬಿಗೆ ಯಾರೂ ಬಟ್ಟೆ ಅನ್ನಂಗೇ ಇಲ್ಲಲ್ಲ, ನಮ್ಮವ್ವ ಅರಬಿ ಒಗ್ಯಾಕ ಹೋಗ್ತಾಳ, ನಾವು ಹಬ್ಬಕ್ಕ ಹೊಸಾ ಅರಬಿ ಹೊಲಿಸ್ತೀವಿ, ಬಟ್ಟೆ ಅನ್ನೂದನ್ನ ನಾ ಕಲ್ತದ್ದು ಸಾಲಿ ಪುಸ್ತಕದಾಗ. ಮನಿ ಮಾತು ಬಿಟ್ಟು ಪುಸ್ತಕದ ಮಾತು ಹಿಡದಿದ್ದಕ್ಕ ಮಾರ್ಕ್ಸ್ ಹೋಗಿದ್ವು.

ಅಲ್ಲಿಂದ ನಾ ಓದೂ ರೀತಿನ ಬದಲಾತು. ಪಂಪ ಹತ್ತನೇ ಶತಮಾನದಾಗ ವಿಕ್ರಮಾರ್ಜುನ ವಿಜಯ ಬರದು ತಂದು ಪುಲಿಗೆರೆಯ ತಿರುಳ್ಗನ್ನಡ, ಅಂದ್ರ ತಿರುಳಿನಂಥಾ ಅಚ್ಚ ಕನ್ನಡ, ಅಂತ ಹೇಳ್ಕೊಂಡಾನ, ಆ ಪುಲಿಗೆರೆ ಅಂದ್ರ ಈಗಿನ ಲಕ್ಷ್ಮೇಶ್ವರ, ನಮ್ಮೂರಾವ್ರು ಸಂತಿಗೆ ಹೋಗೂ ಊರು! ಇಷ್ಟು ವರ್ಷ ಇದನ್ನ ಯಾರೋ ದೂರದಾವ್ರ ಭಾಷಾ ಅನ್ನೂಹಂಗ ಹೆದರಿ ಹೆದರಿ ಓದಿದ್ದೆ.

ಮುಂದ ಬಿ.ಎಡ್. ಆತು, ಆರು ವರ್ಷ ಗೆಸ್ಟ್ ಲೆಕ್ಚರರ್ ಆಗಿ ಕಳದೆ. ಪಗಾರ ಮೂರು ತಿಂಗಳಿಗೊಮ್ಮೆ, ಅದೂ ಕೇಳಿ ಕೇಳಿ, ಆ ಕಾಲೇಜಿನ ಹೆಸರು ಬ್ಯಾಡ ಬಿಡ್ರಿ. ಈಗ ಹುಬ್ಬಳ್ಳ್ಯಾಗ ಪಿಯು ಹುಡುಗರಿಗೆ ಕಲಿಸ್ತೀನಿ, ಗದಗಿಂದ ದಿನಾ ರೈಲಿಗೆ ಓಡಾಟ. ನಡುವ ಅಣ್ಣಿಗೇರಿ ಸ್ಟೇಷನ್ ಬರ್ತೈತಿ, ಪಂಪನ ತಾಯಿ ಅಬ್ಬಣಬ್ಬೆಯ ಕಡ್ಯಾವ್ರು ಆ ಊರಾವ್ರು, ಅವನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರಿಕ್ಯಾಲದ ಗುಡ್ಡದಾಗ ಹಾಕಿಸಿದ ಶಾಸನದಾಗ ಇದು ಐತಿ. ಬಾಜೂಕ ಕುಂತಾವ್ರಿಗೆ ಒಮ್ಮೊಮ್ಮೆ ಹೇಳ್ತೀನಿ, ಹೌದ್ರ್ಯಾ ಅಂತಾರ, ಮತ್ತ ಮೊಬೈಲ್ ನೋಡ್ತಾರ.

ಕ್ಲಾಸಿನ್ಯಾಗ ನಾ ಮೊದಲನೇ ವಾರ ಪುಸ್ತಕಾನ ತಗಸಂಗಿಲ್ಲ. ಪಾಲು ಹಾಲು ಆತು, ಪುಲಿ ಹುಲಿ ಆತು, ಪೂ ಹೂ ಆತು ಅಂತ ಬೋರ್ಡ್ ಮ್ಯಾಲ ಬರೀತೀನಿ, ಪೊೞ್ತು ಅಂತ ಬರದು ಇದೇನಿರಬೇಕು ಅಂತ ಕೇಳ್ತೀನಿ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗ 'ಹೊತ್ತು ಇರ್ಬೇಕ್ರಿ ಸರ, ಪ ತಗದು ಹ ಹಾಕಿದ್ರ ಹಳಗನ್ನಡ ಮುಗೀತ್ರಿ?' ಅಂದ. ಅರ್ಧಾ ಮುಗೀತು ತಮ್ಮಾ ಅಂದೆ. ಆಮ್ಯಾಲೆ ಕುಮಾರವ್ಯಾಸ. ಅವಂದು ನಡುಗನ್ನಡ, ಹಳಗನ್ನಡ ಆದಮ್ಯಾಲಿಂದು, ಇರ್ಲಿ, ಕಿವಿ ಪಳಗಾಕ ಅಂವನ ಬೇಕು, ಸಣ್ಣಾಂವ ಇದ್ದಾಗ ಶ್ರಾವಣದಾಗ ಗುಡಿ ಕಟ್ಟಿಮ್ಯಾಲ ಭಾರತ ಓದಸ್ತಿದ್ರು, ನಾ ಅಜ್ಜನ ತೊಡಿಮ್ಯಾಲ ತಲಿ ಇಟ್ಟು ಅರ್ಧ ನಿದ್ದಿಯೊಳಗ ಕೇಳಿದ್ದು ಇನ್ನೂ ತಲ್ಯಾಗ ಐತಿ. ಹುಡುಗರಿಗೆ ಬೆಂಚ್ ಬಡಿಯಾಕ ಹಚ್ತೀನಿ. ಅಂವನ ಭಾರತದ ಮೊದಲನೇ ಸಾಲು ತುಂಡು ತುಂಡು ಮಾಡಿ: ಶ್ರೀವ, ನಿತೆಯರ, ಸನೆವಿ, ಮಲರಾ. ಗಿಡ್ಡ ಅಕ್ಷರಕ್ಕ ಒಂದು ಮಾತ್ರಿ, ಉದ್ದ ಅಕ್ಷರಕ್ಕ ಎರಡು, ಹಂಗ ಎಣಿಸಿದ್ರ ಮೂರು ಮಾತ್ರಿ, ನಾಕು, ಮೂರು, ನಾಕು. ಅಂವ ಬರದ ಆರು ಸಾಲಿನ ಪದ್ಯ, ಭಾಮಿನಿ ಷಟ್ಪದಿ, ಅದರ ಸಣ್ಣ ಸಾಲಿಗೆ ಹದಿನಾಕು. ಪ್ರಸ್ತಾರ ಹಾಕ್ರಿ, ಅಂದ್ರ ಅಕ್ಷರದ ಮ್ಯಾಲ ಮಾತ್ರಿ ಗುರುತು ಹಾಕ್ರಿ, ಅಂದ್ರ ಮಾರಿ ಸಣ್ಣ ಮಾಡೂ ಹುಡುಗ್ರು ಬೆಂಚ್ ಬಡೀರಿ ಅಂದ್ರ ಬಾಜೂ ಕ್ಲಾಸಿನ್ಯಾವ್ರು ಬಂದು ಜಗಳ ತಗಿಯೂತನಕ ಬಡೀತಾರ. ಕುಮಾರವ್ಯಾಸ ಹಲಗೆ ಬಳಪ ಹಿಡೀಲಾರದ ಬರದೆ ಅಂತ ಹೆಮ್ಮಿಲೆ ಹೇಳ್ಕೊಂಡಾನ, ನನಗ ಚಾಕ್‌ಪೀಸ್ ಇಲ್ದ ಬಾಯಿ ಬರಂಗಿಲ್ಲ.

ಐತವಾರ ನನ್ನ ಹುಚ್ಚು ಶಾಸನ. ಮೊದಲ ಲಕ್ಕುಂಡಿಗೆ ಹೋಗ್ತಿದ್ದೆ, ಅತ್ತಿಮಬ್ಬೆ ಬಸದಿಯ 1007ರ ಶಾಸನದ ಮುಂದ ನಿಂತು ಅಚ್ಚಾದ ಪಾಠ ಕೈಯಾಗ ಹಿಡದು ಒಂದೊಂದ ಅಕ್ಷರ ಕೂಡಿಸ್ಕೋತ ಲಿಪಿ ಕಲ್ತೆ. ಮಧ್ಯಾಹ್ನ ಹೋದ್ರ ಏನೂ ಕಾಣಂಗಿಲ್ಲ, ಬಿಸಿಲು ನೆಟ್ಟಗ ಬಿದ್ರ ಅಕ್ಷರಕ್ಕ ನೆಳ್ಳ ಇರಂಗಿಲ್ಲ, ಮುಂಜಾನೆ ಇಲ್ಲಾ ಸಂಜಿಮುಂದ ಹೋಗ್ಬೇಕು, ಕತ್ತಲಿದ್ರ ಮೊಬೈಲ್ ಟಾರ್ಚ್ ಕಲ್ಲಿನ ಬಾಜೂಕ ಅಡ್ಡ ಹಿಡೀಬೇಕು, ಅವಾಗ ಸವದ ಅಕ್ಷರನೂ ಎದ್ದು ನಿಲ್ತಾವ. ಒಂದು ಊರಾಗ ಚಾಕ್‌ಪೀಸ್ ತಿಕ್ಕಿ ಓದಾಕ ಹೋಗಿ ಗುಡಿ ಕಾಯಾವನ ಕಡೆ ಬೈಸ್ಕೊಂಡೆ, ಕಲ್ಲು ಕೆಡತೈತಿ ಅಂದ, ಖರೇನ, ಬಿಟ್ಟೆ.

ಹೋದ ವರ್ಷ ನಮ್ಮೂರ ಕಡೆ ಹಳ್ಳದ ದಂಡಿಮ್ಯಾಲ ಅರಬಿ ಒಗ್ಯೂ ಕಲ್ಲು ಒಂದು ಕಣ್ಣಿಗೆ ಬಿತ್ತು, ಒಂದು ಮೂಲ್ಯಾಗ ಅಕ್ಷರ ಇದ್ದಂಗ ಕಾಣ್ತು. ಒಗ್ಯಾಕ ಬಂದ ಅವ್ವಾರಿಗೆ ಸ್ವಲ್ಪ ಸರೀರಿ ಅಂತ ಕೈಮುಗದು, ನೀರು ಹಾಕಿ ತೊಳದು, ಕುಕ್ಕರಗಾಲಿಲೆ ಕುಂತೆ. ಯಾವುದೋ ಹೊಲಾ ದಾನ ಕೊಟ್ಟಿದ್ದು, ಮ್ಯಾಲಿನ ಭಾಗ ಒಡದು ಹೋಗೇತಿ, ಯಾರು ಕೊಟ್ರು ಯಾವಾಗ ಕೊಟ್ರು ಏನೂ ಉಳದಿಲ್ಲ, ಬರೇ ಹೊಲದ ಸೀಮಿ ಹೇಳೂ ಸಾಲು ಅದಾವ. ಬೆರಳು ಆಡಿಸ್ಕೋತ ಬಂದೆ, ಮೂಡಲ್ ಅಂತ ಇತ್ತು, ಅದರ ಬಾಜೂಕ ಸ್ವಚ್ಛ ಕಾಣೂಹಂಗ 'ಪಿರಿಯ ಬಟ್ಟೆ'. ದೊಡ್ಡ ದಾರಿ. ನಾ ಒಬ್ಬನ ನಗಾಕತ್ತೆ. ಬುಟ್ಟಿ ಹಿಡಕೊಂಡು ನಿಂತಿದ್ದ ಅಜ್ಜಿ ಏನ್ ಬರದೈತ್ರಿ ಸರ ಅಂದ್ಲು, ಇಲ್ಲೊಂದು ದಾರಿ ಇತ್ತಂತಬೇ ಅಂದೆ. ಅಕಿ ಹಳ್ಳದಾಚಿ ಜಾಲಿಕಂಟಿ ಕಡೆ ಕೈ ಮಾಡಿ, 'ಇತ್ತಲ್ರಿ, ಚಕ್ಕಡಿ ದಾರಿ, ನಾ ಮದುವ್ಯಾಗಿ ಬಂದದ್ದ ಆ ದಾರಿಲೆ' ಅಂದ್ಲು. ಆಮ್ಯಾಲೆ, 'ಓದೂದು ಮುಗದಿದ್ರ ಏಳ್ರಿ ಸರ, ಹೊತ್ತೇರಾಕತ್ತೈತಿ.'