3 ಮಿ.ಮೀ. ಬೆನ್ನಿನ ಚಾಕು

ಮರ ಕೆತ್ತುವ ಸಣ್ಣ ಚಾಕು ತೆಳ್ಳಗಿರಬೇಕು. ಖಾನಾಪುರದ ಕುಲುಮೆಯಲ್ಲಿ ನಾನು ಹಟ ಹಿಡಿದಿದ್ದು ಇದೊಂದಕ್ಕೇ.

ಅಳತೆ ಸಿಕ್ಕಿದ್ದು ಅಮೆರಿಕದ ಹೊರೇಸ್ ಕೆಪಾರ್ಟ್ ಅವರಿಂದ. ಕಾಡಿನಲ್ಲಿ ಬಿಡಾರ ಹೂಡುವುದರ ಬಗ್ಗೆ 1906ರಲ್ಲೇ ಬರೆದವರು. ಅವರ ಚಾಕುವಿನ ಅಲಗು ನಾಲ್ಕೂವರೆ ಇಂಚು ಉದ್ದ, 1 ಇಂಚು ಅಗಲ. ಬೆನ್ನಿನ ದಪ್ಪ ಇಂಚಿನ ಎಂಟರಲ್ಲೊಂದು ಭಾಗ, ಅಂದ್ರೆ 3 ಮಿ.ಮೀ.ಗಿಂತ ತುಸು ಜಾಸ್ತಿ. ಅದನ್ನು ಮಾಡಿದ್ದೂ ಒಬ್ಬ ಹಳ್ಳಿ ಕಂಬಾರನೇ. ಹಾಗಿದ್ದರೆ ನಮ್ಮೂರಲ್ಲಿ ಯಾಕಾಗಬಾರದು?

ಉಕ್ಕು ಲಾರಿಯ ಕಮಾನ್ ಪಟ್ಟಿಯದು. ಮುರಿದ ಹಳೆ ಪಟ್ಟಿ ಬೇಡ, ಒಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಹೊಸ ಪಟ್ಟಿ ಕತ್ತರಿಸಿ ಉಳಿದ ತುಂಡು ಒಳ್ಳೆಯದು. ಬಡಿದು ತೆಳುವಾಗಿಸುತ್ತಿದ್ದಾಗ ಕಂಬಾರ ಕಾಕಾ ಕೈ ನಿಲ್ಲಿಸಿದರು. "ಇನ್ನೂ ತೆಳ್ಳಗ ಮಾಡಿದ್ರ ಮುರೀತೈತಿ ನೋಡಪಾ" ಅಂದರು. "ಕಡಿಯಾಕ ಕೊಯ್ತಾ (ಮಚ್ಚು) ಐತಲ್ರೀ ಕಾಕಾ" ಅಂದೆ. ನಕ್ಕು ಮತ್ತೆ ಸುತ್ತಿಗೆ ಎತ್ತಿದರು. ದಪ್ಪ ಅಲಗು ಮರದೊಳಗೆ ಇಳಿಯುವುದಿಲ್ಲ, ಸೀಳುತ್ತದೆ. ಬಿದಿರಿನ ಸಿಪ್ಪೆ ತೆಗೆಯಲು, ಚಮಚ ಕೆತ್ತಲು, ಗೂಟದ ತುದಿ ಚೂಪು ಮಾಡಲು ಇಳಿಯುವ ಅಲಗೇ ಬೇಕು.

ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಿದ ಮೇಲೆ ಉಕ್ಕು ಮೆತ್ತಗಾಗಿ ಅದಕ್ಕೆ ಅರ ಹಿಡಿಯಿತು. ಆಕಾರ, ತೂತು, ಬಾಯಿಯ ಇಳಿಜಾರು ಎಲ್ಲವನ್ನೂ ಆಗಲೇ ಅರದಿಂದ ಮಾಡಿಕೊಂಡೆ. ಇಳಿಜಾರು ಅಗಲವಾಗಿದೆ, ಸ್ವೀಡನ್, ಫಿನ್ಲೆಂಡ್ ಚಾಕುಗಳ ಥರ. ಸಾಣೆಕಲ್ಲಿನ ಮೇಲೆ ಅದು ತಾನಾಗೇ ಒರಗಿ ಕೂರುವುದರಿಂದ ಕೋನ ಊಹಿಸುವ ಕೆಲಸವೇ ಇಲ್ಲ.

ಹದ ಕೊಡುವಾಗ ಅಯಸ್ಕಾಂತ ಕೈಯಲ್ಲಿರಲಿ. ಸುಮಾರು 770 ಡಿಗ್ರಿಗೆ ಉಕ್ಕು ಅದಕ್ಕೆ ಅಂಟುವುದು ನಿಲ್ಲುತ್ತದೆ. ಅದರ ಮೇಲೆ ಇನ್ನೂ ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದೆ. ನೀರು ಬೇಡ, ಇಷ್ಟು ತೆಳ್ಳಗಿನ ಅಲಗು ಸೀಳಿಬಿಡಬಹುದು. ಈಗ ಅರ ಹಾಕಿದರೆ ಸುಮ್ನೆ ಜಾರುತ್ತದೆ, ಅಂದ್ರೆ ಉಕ್ಕು ಗಟ್ಟಿಯಾಗಿದೆ, ಆದರೆ ಅಲಗು ಗಾಜಿನಂತೆ ಪೆಡಸು. ಅದಕ್ಕೇ ಮನೆಯ ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಟ್ಟೆ. ಕಾಕಾ ಹೆದರಿದ್ದ ಮುರಿತಕ್ಕೆ ಉತ್ತರ ದಪ್ಪದಲ್ಲಿಲ್ಲ, ಇಲ್ಲಿದೆ.

ಹಿಡಿಕೆ ಕರಿಜಾಲಿಯದು. ಉಕ್ಕು ಅದರ ಕೊನೆತನಕ ಹೋಗುತ್ತದೆ, ಎರಡು ಕಡೆ ಮರ, ನಡುವೆ ಹಿತ್ತಾಳೆ ಮೊಳೆ. ಬೆರಳಿಗೆ ತಗ್ಗು ಕೊರೆಯಲಿಲ್ಲ. ಕೆತ್ತುವಾಗ ಹಿಡಿತ ಬದಲಾಗುತ್ತಲೇ ಇರುತ್ತದೆ, ಅಲ್ವಾ? ಹಿಡಿಕೆಯನ್ನು ಅಡ್ಡ ಕೊಯ್ದು ನೋಡಿದರೆ ದುಂಡಗಲ್ಲ, ಮೊಟ್ಟೆಯಾಕಾರ. ನೋಡದೇ ಹಿಡಿದರೂ ಬಾಯಿ ಯಾವ ಕಡೆಗಿದೆ ಎಂದು ಅಂಗೈಗೆ ತಿಳಿಯುತ್ತದೆ. ಮೇಲೆ ನಮ್ಮ ಅಗಸೆ ಎಣ್ಣೆ ಹಚ್ಚಿದೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗೇ ಬೆಂಕಿ ಹತ್ತಬಹುದು. ಬಿಡಿಸಿ ಒಣಹಾಕಿ.

ಒರೆಗೆ ಅಥಣಿಯ ಚಪ್ಪಲಿ ಮಾಡುವವರಿಂದ ತೊಗಲು ತಂದೆ. ಮರದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ್ದು, ನೆನೆಸಿ ಒತ್ತಿದರೆ ಚಾಕುವಿನ ಆಕಾರಕ್ಕೇ ಕೂರುತ್ತದೆ. ಮಳೆಗಾಲದಲ್ಲಿ ಮಾತ್ರ ಚಾಕುವನ್ನು ಒರೆಯಲ್ಲಿ ಬಿಡುವುದಿಲ್ಲ. ತೊಗಲು ತೇವ ಹಿಡಿಯುತ್ತದೆ, ಈ ಉಕ್ಕಿಗೆ ಬೇಗ ತುಕ್ಕು ಬರುತ್ತದೆ. ಕೊಬ್ಬರಿ ಎಣ್ಣೆ ಸವರಿ ಹೊರಗೇ ಇಡುತ್ತೇನೆ.