ವಿಂಡೋಸ್ 7 ಅನ್ನು ನಾನು ಬಿಡಲಿಲ್ಲ, ಇಂಟರ್ನೆಟ್‌ನಿಂದ ಬಿಡಿಸಿದೆ

ಹಳೆ ವಿಂಡೋಸನ್ನೇ ಇಟ್ಟುಕೊಳ್ಳಬಹುದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಆ ಕಂಪ್ಯೂಟರ್‌ಗೆ ಇಂಟರ್ನೆಟ್ ಇದೆಯಾ? ಇದೆ ಅಂದರೆ ಬೇಡ. ಇಲ್ಲ ಅಂದರೆ ಧಾರಾಳವಾಗಿ ಇಟ್ಟುಕೊಳ್ಳಿ. ನಾನು ಇವತ್ತಿಗೂ ವಿಂಡೋಸ್ 7 ಬಳಸುತ್ತೇನೆ, ಆದರೆ ಅದಕ್ಕೆ ಹೊರಗಿನ ದಾರಿ ಪೂರ್ತಿ ಮುಚ್ಚಿದ್ದೇನೆ.

ನನ್ನ ಕೆಲಸ ಹಳೆ ಫಿಲ್ಮ್ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುವುದು. ಸ್ಕ್ಯಾನರ್ ಇನ್ನೂ ಗಟ್ಟಿಮುಟ್ಟಾಗಿದೆ. ಆದರೆ ಅದರ ಕಂಪನಿಯವರು 32 ಬಿಟ್ ವಿಂಡೋಸ್ 7ಕ್ಕೆ ಡ್ರೈವರ್ (ಸ್ಕ್ಯಾನರನ್ನು ವಿಂಡೋಸ್‌ಗೆ ಪರಿಚಯಿಸುವ ಸಾಫ್ಟ್‌ವೇರ್) ಕೊಟ್ಟು ಅಲ್ಲಿಗೇ ಕೈಬಿಟ್ಟರು. ವ್ಯೂಸ್ಕ್ಯಾನ್ ಅಂತ ಒಂದು ಸಾಫ್ಟ್‌ವೇರ್ ಇದೆ, ಕಂಪನಿಗಳು ಮರೆತುಬಿಟ್ಟ ಎಷ್ಟೋ ಸ್ಕ್ಯಾನರ್‌ಗಳನ್ನು ಅದು ಹೊಸ ಸಿಸ್ಟಮ್‌ನಲ್ಲೂ ಓಡಿಸುತ್ತದೆ. ನಿಮ್ಮದೂ ಇದೇ ಕಥೆಯಾದರೆ ಮೊದಲು ಅದನ್ನು ನೋಡಿ. ನನಗೆ ಮಾತ್ರ ಮೂಲ ಸಾಫ್ಟ್‌ವೇರಿನಲ್ಲಿ ಕೂತು ಹದ ಮಾಡಿಕೊಂಡ ಬಣ್ಣದ ಸೆಟ್ಟಿಂಗ್‌ಗಳೇ ಬೇಕಿತ್ತು.

ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ಬರುತ್ತಿದ್ದ ಸೆಕ್ಯುರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿತು. ದುಡ್ಡು ಕೊಟ್ಟ ಸಂಸ್ಥೆಗಳಿಗೆ 2023ರ ಜನವರಿವರೆಗೆ ಸಿಕ್ಕಿತು, ಆಮೇಲೆ ಅದೂ ಇಲ್ಲ. "ನನ್ನ ಕಂಪ್ಯೂಟರ್‌ನಲ್ಲಿ ಏನಿದೆ ಅಂತ ಕದಿಯೋಕೆ ಬರ್ತಾರೆ" ಅನ್ನುವವರು 2017ರ ಮೇ ತಿಂಗಳ ವಾನ್ನಾಕ್ರೈ ನೆನಪಿಸಿಕೊಳ್ಳಬೇಕು, ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುತ್ತಿದ್ದ ಕುತಂತ್ರಾಂಶ ಅದು. ಅದು ಯಾರನ್ನೂ ಆರಿಸಿ ಹಿಡಿಯಲಿಲ್ಲ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿಯೂ ಇರಲಿಲ್ಲ. ಫೈಲ್ ಹಂಚಿಕೆಗೆ ವಿಂಡೋಸ್ ಬಳಸುತ್ತಿದ್ದ ಹಳೆ ಎಸ್‌ಎಂಬಿ ವ್ಯವಸ್ಥೆಯ ಒಂದು ತೂತಿನಿಂದ ನೆಟ್‌ವರ್ಕ್‌ನಲ್ಲಿದ್ದ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುತ್ತಾ ಹೋಯಿತು. ಆ ತೂತು ಮುಚ್ಚುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಈಗ ವಿಂಡೋಸ್ 7ರಲ್ಲಿ ಅಂಥ ತೂತು ಸಿಕ್ಕರೆ ಹಾಕಿಕೊಳ್ಳೋಣ ಅಂದರೂ ಪ್ಯಾಚ್ ಬರುತ್ತದೆ ಅನ್ನುವ ಭರವಸೆ ಇಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಯೋಚಿಸುವುದಿಲ್ಲ. ಹೊಸ ವಿಂಡೋಸ್‌ನಲ್ಲಿ ಏನಾದರೂ ರಿಪೇರಿಯಾದಾಗ, ರಿಪೇರಿಗೆ ಮುಂಚಿನ ಫೈಲ್ ಮತ್ತು ನಂತರದ ಫೈಲ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೂತು ಎಲ್ಲಿತ್ತು ಅಂತ ಗೊತ್ತುಮಾಡಿಕೊಳ್ಳಬಹುದು. ಅದೇ ಹಳೆ ಕೋಡ್ 7ರಲ್ಲೂ ಇದ್ದರೆ, ಅಲ್ಲಿ ಅದು ತೆರೆದೇ ಇರುತ್ತದೆ. ಆಂಟಿವೈರಸ್ ಹಾಕಿದರೂ ಆ ತೂತು ಮುಚ್ಚುವುದಿಲ್ಲ. ಬ್ರೌಸರ್ ಕೂಡ ಅಷ್ಟೇ, ಕ್ರೋಮ್ 109ನೇ ಆವೃತ್ತಿಯೇ 7ಕ್ಕೆ ಕೊನೆಯದು.

ಹಾಗಾಗಿ ಕೆಲಸಗಳನ್ನು ಎರಡು ಭಾಗ ಮಾಡಿದೆ. ಬ್ಯಾಂಕ್, ಮೇಲ್, ಬ್ರೌಸಿಂಗ್ ಎಲ್ಲಾ ಲಿನಕ್ಸ್ ಮಿಂಟ್‌ಗೆ, ಅದು ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಸ್ಕ್ಯಾನಿಂಗ್ ಮಾತ್ರ ವಿಂಡೋಸ್ 7ರಲ್ಲಿ, ಅದೂ ಮಿಂಟ್‌ನೊಳಗೆ ವರ್ಚುವಲ್‌ಬಾಕ್ಸ್‌ನಲ್ಲಿ, ಅಂದರೆ ಒಂದು ಕಂಪ್ಯೂಟರ್‌ನ ಒಳಗೇ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸುವ ಸಾಫ್ಟ್‌ವೇರ್‌ನಲ್ಲಿ.

ಮೊದಲು ಲೈಸೆನ್ಸ್ ನೋಡಿಕೊಳ್ಳಿ. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ವಿಂಡೋಸ್ ಆ ಯಂತ್ರಕ್ಕೇ ಕಟ್ಟಿಹಾಕಿದ್ದು. ನನ್ನದು ಬಿಡಿಯಾಗಿ ಕೊಂಡ ರಿಟೇಲ್ ಪ್ರತಿ, ಹಾಗಾಗಿ ಸಾಗಿಸಬಹುದಿತ್ತು. ಮೈಕ್ರೋಸಾಫ್ಟ್‌ನ ಡಿಸ್ಕ್2ವಿಎಚ್‌ಡಿ ಅನ್ನುವ ಚಿಕ್ಕ ಉಪಕರಣವನ್ನು ಹಳೆ ಯಂತ್ರದಲ್ಲಿ ಓಡಿಸಿ ಇಡೀ ಡಿಸ್ಕನ್ನು ಒಂದು ಫೈಲ್ ಮಾಡಿ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಬರೆಸಿದೆ. ಆ ಉಪಕರಣದಲ್ಲಿ ವಿಎಚ್‌ಡಿಎಕ್ಸ್ ಅನ್ನುವ ಟಿಕ್ ತೆಗೆದುಬಿಡಿ, ಇಂಥ ಡಿಸ್ಕ್ ಫೈಲ್‌ಗಳಲ್ಲಿ ವರ್ಚುವಲ್‌ಬಾಕ್ಸ್‌ಗೆ ಬರೀ ವಿಎಚ್‌ಡಿ ನಮೂನೆಯೇ ಸಲೀಸು. ಪಟ್ಟಿಯಲ್ಲಿ ಸಿ ಡ್ರೈವ್ ಜೊತೆ 100 ಎಂಬಿಯ ಸಿಸ್ಟಮ್ ರಿಸರ್ವ್ಡ್ ಅಂತ ಕಂಡರೆ ಅದಕ್ಕೂ ಟಿಕ್ ಹಾಕಿ. ಬೂಟ್ ಆಗಲು ಬೇಕಾದ ಫೈಲ್‌ಗಳು ಇರುವುದು ಅಲ್ಲೇ.

ಆ ಫೈಲನ್ನು ವರ್ಚುವಲ್‌ಬಾಕ್ಸ್‌ಗೆ ಡಿಸ್ಕ್ ಆಗಿ ಕೊಟ್ಟು ಸ್ಟಾರ್ಟ್ ಮಾಡಿದ ತಕ್ಷಣ ನೀಲಿ ಪರದೆ ಬಂತು, 0x0000007B. ಡಿಸ್ಕ್ ಸಿಗ್ತಿಲ್ಲ ಅಂತ ಅದರ ಅರ್ಥ. ಡಿಸ್ಕ್ ಜೋಡಿಸುವುದಕ್ಕೆ ಐಡಿಇ ಅನ್ನುವ ಹಳೆ ವಿಧಾನ, ಸಾಟಾ ಅನ್ನುವ ಹೊಸ ವಿಧಾನ ಇವೆ. ಹಳೆ ಯಂತ್ರ ಐಡಿಇ ಮೋಡ್‌ನಲ್ಲಿ ಓಡುತ್ತಿತ್ತು, ವರ್ಚುವಲ್‌ಬಾಕ್ಸ್ ಡಿಸ್ಕನ್ನು ಸಾಟಾಗೆ ಸಿಕ್ಕಿಸಿತ್ತು. ಸ್ಟೋರೇಜ್ ಸೆಟ್ಟಿಂಗ್‌ಗೆ ಹೋಗಿ ಅಲ್ಲಿಂದ ತೆಗೆದು ಐಡಿಇ ಕಂಟ್ರೋಲರ್‌ಗೆ ಸೇರಿಸಿದೆ. ಅದೇ ವಾಲ್‌ಪೇಪರ್, ಅದೇ ಐಕಾನ್‌ಗಳ ಸಾಲು, ಎಲ್ಲಾ ಇದ್ದ ಹಾಗೇ ಎದ್ದು ಬಂತು. ತುಂಬಾ ಖುಷಿಯಾಯಿತು.

ಸ್ಕ್ಯಾನರ್ ಕಾಣಿಸಲು ಎರಡು ಕೆಲಸ ಬಾಕಿ. ಮಿಂಟ್‌ನಲ್ಲಿ ನಿಮ್ಮ ಯೂಸರ್ ಅನ್ನು ವಿಬಾಕ್ಸ್‌ಯೂಸರ್ಸ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಇಲ್ಲದಿದ್ದರೆ ಯುಎಸ್‌ಬಿ ಪಟ್ಟಿ ಖಾಲಿಯೇ ಇರುತ್ತದೆ. ಆಮೇಲೆ ವರ್ಚುವಲ್‌ಬಾಕ್ಸ್‌ನ ಯುಎಸ್‌ಬಿ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ 3 ಬದಲು 2 ಆರಿಸಿ, ಯಾಕಂದರೆ 7ರಲ್ಲಿ ಯುಎಸ್‌ಬಿ 3ರ ಡ್ರೈವರ್ ತಾನಾಗಿ ಇರುವುದಿಲ್ಲ.

ವರ್ಚುವಲ್‌ಬಾಕ್ಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಅಡಾಪ್ಟರ್ ಟಿಕ್ಕನ್ನೇ ತೆಗೆದೆ, ಹಾಗಾಗಿ ಒಳಗಿನ ವಿಂಡೋಸ್ 7ಕ್ಕೆ ಇಂಟರ್ನೆಟ್ ಇಲ್ಲ. ಹಾಗಾದರೆ ಸ್ಕ್ಯಾನ್ ಮಾಡಿದ ಫೋಟೋ ಹೊರಗೆ ಬರುವುದು ಹೇಗೆ ಅಂತೀರಾ? ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಷನ್ಸ್ ಅನ್ನುವ ಸಾಫ್ಟ್‌ವೇರನ್ನು ವಿಂಡೋಸ್ 7ರಲ್ಲಿ ಹಾಕಿದರೆ ಎರಡೂ ಕಡೆ ಕಾಣುವ ಶೇರ್ಡ್ ಫೋಲ್ಡರ್ ಸಿಗುತ್ತದೆ, ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಸ್ಕ್ಯಾನ್‌ಗಳಿಗೆ ಅಂತಲೇ ಒಂದು ಫೋಲ್ಡರ್ ಕೊಟ್ಟಿದ್ದೇನೆ, ಇಡೀ ಹೋಮ್ ಫೋಲ್ಡರ್ ಕೊಡಲಿಲ್ಲ. ಎಲ್ಲಾ ಸರಿಹೋದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟೆ, ಏನಾದರೂ ಕೆಟ್ಟರೆ ಈ ಸ್ಥಿತಿಗೇ ವಾಪಸ್ ಬರಬಹುದು.

ಇಷ್ಟು ಕಷ್ಟ ಬೇಕಾಗುವುದು ಬೇರೆ ದಾರಿಯಿಲ್ಲದ ಒಂದು ಕೆಲಸ ಹಳೆ ಸಿಸ್ಟಮ್‌ಗೆ ಅಂಟಿಕೊಂಡಿದ್ದರೆ ಮಾತ್ರ. ಸುಮ್ನೆ ಅಭ್ಯಾಸ ಆಗಿದೆ ಅಂತ 7ರಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರಿಗೆ ನಾನು ಖಂಡಿತ ಬೇಡ ಅಂತಲೇ ಹೇಳುತ್ತೇನೆ. ವಿಂಡೋಸ್ 10ರವರೂ ಈಗ ಯೋಚಿಸಬೇಕು, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರದಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಇಲ್ಲದೆ 11 ಹಾಕಲು ಆಗುತ್ತಿಲ್ಲವಾ? 4 ಜಿಬಿ ರ್‍ಯಾಮ್ ಇದ್ದರೂ ಮಿಂಟ್ ಓಡುತ್ತದೆ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ನೋಡಿ, ಡಿಸ್ಕ್ ಮುಟ್ಟಬೇಕಾಗಿಲ್ಲ.

ವರ್ಚುವಲ್ ಗೊಡವೆ ಬೇಡ, ಹಳೆ ಯಂತ್ರವನ್ನೇ ಇಟ್ಟುಕೊಳ್ಳುತ್ತೇನೆ ಅನ್ನುವವರು ಕೇಬಲ್ ಕಿತ್ತು, ಬಯೋಸ್‌ನಲ್ಲಿ ವೈಫೈ ಆಫ್ ಮಾಡಿ. ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಅದರಲ್ಲಿರುವುದನ್ನು ತಾನಾಗಿ ಓಡಿಸುವ ಆಟೋರನ್ ಕೂಡ ನಿಲ್ಲಿಸಿ. ಫೈಲ್ ಸಾಗಿಸಲು ಒಂದು ಪೆನ್‌ಡ್ರೈವ್ ಬೇರೆಯೇ ಇಡಿ, ಮತ್ತೆಲ್ಲೂ ಅದನ್ನು ಬಳಸಬೇಡಿ, ಹಳೆ ಯಂತ್ರಕ್ಕೆ ವಾಪಸ್ ಹಾಕುವ ಮುಂಚೆ ಪ್ರತಿಸಲ ಹೊಸ ಸಿಸ್ಟಮ್‌ನಲ್ಲಿ ಫಾರ್ಮ್ಯಾಟ್ ಮಾಡಿ.