ಮಕ್ಕಳ ನಾಟಕಕ್ಕೆ ಪಾತ್ರ ಹಂಚುವ ಮುಂಚೆ

ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುವ ಟೀಚರ್‌ಗಳಿಗೆ ಒಂದು ಮಾತು. ಚಿಕ್ಕ ಮಕ್ಕಳ ಕೈಗೆ ಹಾಳೆ ಕೊಟ್ಟು "ಡೈಲಾಗ್ ಓದು" ಅನ್ನಬೇಡಿ. ಮೂರನೇ ಕ್ಲಾಸಿನ ಮಗುವಿಗೆ ಓದು ತಡವರಿಸಬಹುದು, ಆದರೆ ನಟನೆ ಚೆನ್ನಾಗಿ ಬರಬಹುದು. ಓದಿಸಿ ಆರಿಸಿದರೆ ಸಿಗುವುದು ಓದುವವರು ಮಾತ್ರ, ಅಲ್ವಾ?

ಕೋತಿ ಮೊಸಳೆ ಕತೆ ಮಾಡಿಸಿದಾಗ ನಾನು ಮೊದಲು ಕತೆ ಹೇಳಿದೆ. ಆಮೇಲೆ ಐದೈದು ಮಕ್ಕಳ ಗುಂಪು ಮಾಡಿ, ಎಲ್ಲರನ್ನೂ ಕೋತಿ ಮಾಡಿದೆ, ಎಲ್ಲರನ್ನೂ ಮೊಸಳೆ ಮಾಡಿದೆ. ಒಂದೇ ಮಾತನ್ನು ಸಿಟ್ಟಿನಿಂದ, ಹೆದರಿಕೆಯಿಂದ, ಗುಟ್ಟು ಹೇಳುವ ಹಾಗೆ ಹೇಳಿಸಿದೆ. ನಾನು ಹಾಲ್‌ನ ಕೊನೆಯಲ್ಲಿ ನಿಂತು ಕೇಳಿದೆ. ಮೈಕ್ ಕೈಕೊಟ್ಟರೂ ದನಿ ಕೇಳಿಸಬೇಕಲ್ಲ! ಕ್ಲಾಸಿನಲ್ಲಿ ಬಾಯೇ ಬಿಡದ ಹುಡುಗಿಯೊಬ್ಬಳು ಮೊಸಳೆಯಾಗಿ ನೆಲದ ಮೇಲೆ ತೆವಳಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಪಾತ್ರ ಅವಳಿಗೇ ಹೋಯಿತು.

ಇಷ್ಟದ ಎರಡು ಪಾತ್ರಗಳನ್ನು ಚೀಟಿಯಲ್ಲಿ ಬರೆಸಿ. ಎಲ್ಲರೆದುರು ಕೇಳಿದರೆ ಗೆಳೆಯ ಹೇಳಿದ್ದನ್ನೇ ಹೇಳುತ್ತಾರೆ. ಕೆಲವರಿಗೆ ಸ್ಟೇಜೇ ಬೇಡ. ಅವರಿಗೆ ತಮಟೆ, ಪರದೆ, ಮುಖವಾಡದ ಕೆಲಸ ಕೊಡಿ. ಮಾತು ಜಾಸ್ತಿ ಇರುವ ಪಾತ್ರವನ್ನು ದೃಶ್ಯಕ್ಕೊಬ್ಬರಂತೆ ಹಂಚಬಹುದು, ಟೋಪಿ ಒಂದೇ ಇದ್ದರೆ ನೋಡುವವರಿಗೆ ಗೊತ್ತಾಗುತ್ತದೆ. ಮುಖ್ಯ ಪಾತ್ರದ ಮಾತು ಇನ್ನೊಂದು ಮಗುವಿಗೂ ಬಾಯಿಪಾಠ ಇರಲಿ. ಅದೇ ದಿನ ಜ್ವರ ಬರುವುದುಂಟು.

ಪಟ್ಟಿಯನ್ನು ಸುಮ್ನೆ ಬೋರ್ಡಿಗೆ ಅಂಟಿಸಬೇಡಿ. ಮರದ ಪಾತ್ರ ಸಿಕ್ಕ ಮಗು ಅಳುತ್ತಾ ಮನೆಗೆ ಹೋಗುತ್ತದೆ. ಹತ್ತಿರ ಕೂರಿಸಿಕೊಂಡು ಹೇಳಿ. ಆ ಮರಕ್ಕೂ ಒಂದು ಮಾತು ಬರೆದುಕೊಡಿ.